ಅನ್‌ಈವನ್ ಬಾರ್ಸ್, ಬೀಮ್: ಕನ್ನಡದಲ್ಲಿ ಏನು? (ತುರ್ತು)

ಎಲ್ಲರಿಗೂ ನಮಸ್ಕಾರ. ಒಂದು ಶಾಲೆಯ ಆಟದ ಹಾಲ್‌ಗೆ ಚಿತ್ರಗಳ ಫ್ಲೆಕ್ಸ್ ಮಾಡುತ್ತಿದ್ದೇವೆ, ಅಡಿಬರಹ ನನ್ನ ತಲೆಗೆ ಬಿದ್ದಿದೆ. ನಾಳೆ ಹತ್ತಕ್ಕೆ ಪ್ರಿಂಟ್. ಒಂದು ಫ್ಲೆಕ್ಸ್ 1979ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ನಡೆದ ವಿಶ್ವ ಜಿಮ್ನಾಸ್ಟಿಕ್ಸ್ ಚಾಂಪಿಯನ್‌ಶಿಪ್‌ದು. ಅನ್‌ಈವನ್ ಬಾರ್ಸ್‌ನಲ್ಲಿ (ಹುಡುಗಿಯರು ಹಿಡಿದು ತೂಗಾಡುವ ಎರಡು ಅಡ್ಡ ಬಾರ್‌ಗಳು) ಚೀನಾದ ಮಾ ಯಾನ್‌ಹೊಂಗ್, ಪೂರ್ವ ಜರ್ಮನಿಯ ಮಾಕ್ಸಿ ಗ್ನೌಕ್ ಇಬ್ಬರಿಗೂ ಚಿನ್ನ. ಹಿಂದೆ ಯಾರೋ ಮಾಡಿದ ಕರಡಿನಲ್ಲಿ 'ಅಸಮಾನಾಂತರ ಸರಳುಗಳು' ಅಂತಿದೆ. ಯಾಕೋ ಒಪ್ಪುತ್ತಿಲ್ಲ. ಬೀಮ್‌ಗೂ, ಅಂದರೆ ಮೇಲೆ ನಿಂತು ಕಸರತ್ತು ಮಾಡುವ ಕಿರಿದಾದ ಬ್ಯಾಲೆನ್ಸ್ ಬೀಮ್‌ಗೂ, ಒಂದು ಪದ ಬೇಕು.

—

ಒಪ್ಪಬಾರದು, ತಪ್ಪು. ಅವೆರಡೂ ಸಮಾನಾಂತರವಾಗಿಯೇ ಇರುತ್ತವೆ, ಎತ್ತರ ಮಾತ್ರ ಬೇರೆ. ಅಸಮಾನಾಂತರವಾದರೆ ಹುಡುಗಿ ಒಂದರಿಂದ ಇನ್ನೊಂದಕ್ಕೆ ಹಾರುವುದು ಹೇಗೆ? ಗ್ನೌಕ್ ಊರಿನವರು ಅದನ್ನು ಶ್ಟೂಫೆನ್‌ಬಾರೆನ್ ಅನ್ನುತ್ತಾರೆ, ಶ್ಟೂಫೆ ಅಂದರೆ ಮೆಟ್ಟಿಲು. ನಾವೂ 'ಮೆಟ್ಟಿಲ ಸರಳು' ಅನ್ನಬಹುದು. ಬೀಮ್‌ಗೆ ಅಚ್ಚಗನ್ನಡದ 'ತೊಲೆ' ಇದೆಯಲ್ಲ, ಹುಡುಕುವುದೇನು ಬಂತು?

—

> ಅಚ್ಚಗನ್ನಡದ 'ತೊಲೆ'

ಅಚ್ಚಗನ್ನಡವೂ ಅಲ್ಲ, ಏನೂ ಅಲ್ಲ. ಸಂಸ್ಕೃತದ ತುಲಾದ ತದ್ಭವ. ತುಲಾ ಅಂದರೆ ತಕ್ಕಡಿ, ಮನೆಯ ತೊಲೆಯೂ ಹೌದು. ಸಮತೋಲನದ ತೋಲನವೂ ಅಲ್ಲಿಂದಲೇ ಬಂದದ್ದು. ಬ್ಯಾಲೆನ್ಸ್ ಬೀಮ್‌ನ ಎರಡು ಅರ್ಥವೂ ಒಂದೇ ಪದದಲ್ಲಿ ಸಿಗುತ್ತದೆ, ಇದಕ್ಕಿಂತ ಏನು ಬೇಕು! ಮುಂದೆ 'ಸಮತೋಲನ' ಅಂತ ಬಾಲ ಅಂಟಿಸಬೇಡಿ.

—

ಬಾಲ ಮುಂದೆ ಇರುತ್ತದಾ ಸ್ವಾಮಿ? ಇರಲಿ. ನಾನು ನಿವೃತ್ತ ಪಿ.ಟಿ. ಮೇಷ್ಟ್ರು. ಮಕ್ಕಳು ಬೀಮ್ ಅಂತಲೇ ಅನ್ನುತ್ತಾರೆ, ಯಾರೂ ತೊಲೆ ಹತ್ತಿದ್ದು ನೋಡಿಲ್ಲ. ಅಗಲ 10 ಸೆಂಟಿಮೀಟರ್, ಉದ್ದ 5 ಮೀಟರ್. ಅಂಗೈ ಅಗಲ ಅಷ್ಟೇ. ಅದರ ಮೇಲೆ ಲಾಗ ಹಾಕಬೇಕು. ಫೋರ್ಟ್ ವರ್ತ್‌ನಲ್ಲಿ ರುಮೇನಿಯಾದ ಜಿಮ್ನಾಸ್ಟ್ ನಾದಿಯಾ ಕೊಮನೆಚಿಗೆ ಗ್ರಿಪ್‌ನ (ಅಂಗೈಗೆ ಕಟ್ಟುವ ಪಟ್ಟಿ) ಬಕಲ್ ತಾಗಿ ಕೈ ಕೊಯ್ದು ಕೀವಾಗಿತ್ತು. ಆಸ್ಪತ್ರೆಯಿಂದ ಎದ್ದು ಬಂದು ಬೀಮ್ ಒಂದನ್ನು ಮಾಡಿದಳು, 9.95 ಬಂತು, ರುಮೇನಿಯಾ ಮೊದಲ ಸಲ ತಂಡದ ಚಿನ್ನ ಗೆದ್ದಿತು, ಅದೂ ಸೋವಿಯತ್‌ನವರನ್ನು ಸೋಲಿಸಿ. ಆ ಚಿತ್ರ ಇದ್ದರೆ ಮೊದಲು ಅದನ್ನು ಹಾಕಿ, ಪದ ಆಮೇಲೆ ನೋಡೋಣ.

ಇನ್ನು 'ಸರಳು' ಅಂದರೆ ನನಗೆ ಕಿಟಕಿ, ಇಲ್ಲ ಜೈಲು ನೆನಪಾಗುತ್ತದೆ. ಸರಳು ಕಬ್ಬಿಣದ್ದು. ಇವರು ಹಿಡಿಯುವುದು ಮರದ ಮೈಯನ್ನು.

—

ಹಾಗಾದರೆ ಬಾರ್ ಅಂತಲೇ ಬರೆಯಲಾ? 'ಎರಡು ಬಾರ್‌ಗಳಲ್ಲಿ ಚಿನ್ನ ಗೆದ್ದ ಹುಡುಗಿ' ಅಂತ ಓದಿ ಒಂಬತ್ತನೇ ಕ್ಲಾಸಿನವರು ಸುಮ್ನಿರ್ತಾರಾ?

—

ನಗಲಿ ಬಿಡಿ. ಎಲ್ಲದಕ್ಕೂ ಪದ ಹುಟ್ಟಿಸುವ ಈ ಚಟ ಯಾಕೆ? ಬಸ್ಸು, ಕಾಫಿ ಬಂದ ಹಾಗೆ ಇದೂ ಬರಲಿ. ಬೇಕಾದರೆ ಜಿಮ್ನಾಸ್ಟಿಕ್ಸ್‌ನ ಮೂಲ ನೋಡಿ, ಗ್ರೀಕಿನಲ್ಲಿ ಜಿಮ್ನೋಸ್ ಅಂದರೆ ಬೆತ್ತಲೆ. ಅನುವಾದ ಮಾಡ್ತೀರಾ?

—

ಅನುವಾದ ಯಾಕೆ, 'ಅಂಗಸಾಧನೆ' ಇದೆ. ನಮ್ಮ ತಂದೆ ಕಾಲದವರು ಗರಡಿಗೆ ಹೋಗಿ ಅದನ್ನೇ ಮಾಡುತ್ತಿದ್ದರು. ಕೈಗೆ ಸಿಕ್ಕಿದ್ದನ್ನೆಲ್ಲ ಎರವಲು ತಂದು ಆಮೇಲೆ ಕನ್ನಡ ಬಡವಾಯಿತು ಅಂತ ಅಳುವವರ ಜೊತೆ ನನಗೆ ಚರ್ಚೆ ಬೇಡ.

—

'ಅಂಗಸಾಧನೆ' ಕೂಡ ಸಂಸ್ಕೃತದಿಂದ ತಂದ ಎರವಲೇ. ಮುಗೀತು.

—

ಮುಗಿದಿಲ್ಲ. ಆ ಲೆಕ್ಕದಲ್ಲಿ ನಿಮ್ಮ ತೊಲೆಯೂ ಎರವಲು, ಅದನ್ನು ಕುಣಿದು ಒಪ್ಪಿದಿರಿ! ಒಂದು ಮಾತು, ಹಳೆಯ ಪದ ಅಂತ 'ದೊಂಬರಾಟ' ಮಾತ್ರ ಯಾರೂ ಸೂಚಿಸಬೇಡಿ. ಅದು ಒಂದು ಸಮುದಾಯದ ಹೆಸರು, ಬೈಗುಳದ ಹಾಗೆ ಬಳಸಿ ಬಳಸಿ ಕೆಟ್ಟಿದೆ.

—

ಎಲ್ಲರಿಗೂ ಥ್ಯಾಂಕ್ಸ್, ಜಗಳಕ್ಕೂ ಸೇರಿಸಿ. ಆಟದ ಹೆಸರು ಜಿಮ್ನಾಸ್ಟಿಕ್ಸ್ ಅಂತಲೇ ಬಿಟ್ಟೆ. ಬಾರ್ಸ್‌ಗೆ 'ಏರುತಗ್ಗಿನ ಅಡ್ಡಗೋಲು' ಅಂತ ಹಾಕಿದೆ. ಮೆಟ್ಟಿಲು ಅಂದರೆ ಮಕ್ಕಳು ಹತ್ತಲು ನೋಡುತ್ತಾರೆ, ಸರಳಿಗೆ ಮೇಷ್ಟ್ರ ತಕರಾರು ಇದೆ. ಎರಡನೆಯದಕ್ಕೆ ಮೇಷ್ಟ್ರ ಮಾತಿನಂತೆ 'ಬೀಮ್' ಕೊಟ್ಟಿದ್ದೆ. ಈಗ ತಾನೇ ಪ್ರೂಫ್ ಬಂತು, ನಾದಿಯಾ ಚಿತ್ರದ ಕೆಳಗೆ ಪ್ರಿಂಟಿಂಗ್ ಹುಡುಗ 'ಭೀಮ್ ಮೇಲೆ ನಿಂತ ನಾದಿಯಾ' ಅಂತ ಹೊಡೆದಿದ್ದಾನೆ. ತೊಲೆ ಅಂತ ತಿದ್ದಿ ಕಳಿಸಿದೆ.