ಮಸ್ಕತ್‌ನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿದೆ, ಉಡುಪಿ ಬಿಡುವ ಮೊದಲು ಎಂತೆಲ್ಲ ಆಗ್ಬೇಕು?

ಅಂಬಲಪಾಡಿ:

ಎಲ್ಲರಿಗೂ ನಮಸ್ಕಾರ. ಉಡುಪಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡ್ತಿದ್ದೇನೆ. ಮಸ್ಕತ್‌ನ ಒಂದು ಖಾಸಗಿ ವಿಶ್ವವಿದ್ಯಾನಿಲಯದಿಂದ ಆಫರ್ ಲೆಟರ್ ಬಂದಿದೆ. ಸೆಪ್ಟೆಂಬರ್ 1ಕ್ಕೆ ಸೇರ್ಬೇಕು, ಈಗ ಜೂನ್ ಮೊದಲ ವಾರ. ಇಲ್ಲಿ ಎರಡು ತಿಂಗಳ ನೋಟಿಸ್ ಉಂಟು.

ಡಿಗ್ರಿಗಳು ಮೂರೂ ಮಂಗಳೂರು ವಿ.ವಿ.ಯವು. ಪಿಎಚ್‌ಡಿಗೆ ಪ್ರಾವಿಶನಲ್ ಮಾತ್ರ ಕೈಯಲ್ಲಿದೆ. ಎಂಎಸ್ಸಿ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿಯಾಗಿದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಸರಿನ ಜೊತೆ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ತಿ. ಮಂಗಳೂರಿನ ಇಬ್ಬರು ಏಜೆಂಟರನ್ನು ಕೇಳಿದೆ. ಒಬ್ಬರು ಅಪೋಸ್ಟಿಲ್ ಸಾಕು ಅಂತಾರೆ, ಇನ್ನೊಬ್ಬರು ಎಂಬಸಿ ಮುದ್ರೆ ಬೇಕೇ ಬೇಕು ಅಂತಾರೆ. ಯಾವುದು ಸರಿ? ಬ್ಯಾಂಕ್, ಪಿಪಿಎಫ್ ಎಂತ ಮಾಡುವುದು? ರಾಜೀನಾಮೆ ಈಗಲೇ ಕೊಡುವುದಾ? ಮಗಳು ನಾಲ್ಕನೇ ಕ್ಲಾಸು. ಅವಳು ಮತ್ತು ನಮ್ಮವರು ಬರುವ ವರ್ಷ ಬರುವುದು.

ಕೊಣಾಜೆ ಗುಡ್ಡೆ:

ಮೇಡಂ, ಮೊದಲು ಅಪೋಸ್ಟಿಲ್ ವಿಷಯ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ದಾಖಲೆಯ ಸಹಿ, ಮುದ್ರೆ ಅಸಲಿ ಅಂತ ಸರ್ಕಾರ ಅಂಟಿಸುವ ಒಂದು ಅಪೋಸ್ಟಿಲ್ ಸ್ಟಿಕ್ಕರ್ ಇದ್ದರೆ ರಾಯಭಾರ ಕಚೇರಿಯ ಮುದ್ರೆ ಬೇಡ. ಭಾರತ ಸೇರಿದ್ದು 2005ರಲ್ಲಿ. ಒಮಾನ್‌ಗೆ 2012ರಿಂದ ಅನ್ವಯ ಆಗ್ತದೆ, ಸೌದಿ 2022ರ ಕೊನೆಗೆ ಬಂತು. ಯುಎಇ, ಕತಾರ್, ಕುವೈತ್ ಆ ಪಟ್ಟಿಯಲ್ಲಿ ಇಲ್ಲ, ಅಲ್ಲಿಗೆ ಹೋಗುವವರು ಈಗಲೂ ಎಂಬಸಿಗೆ ಕಳಿಸ್ಲೇಬೇಕು. ಗಲ್ಫ್ ಅಂದ ಕೂಡ್ಲೇ ಎಲ್ಲರೂ ದುಬೈ ಕ್ರಮ ಹೇಳುವುದು, ಅದರಿಂದಲೇ ಈ ಗೊಂದಲ. ಆದ್ರೂ ಮಸ್ಕತ್‌ನ ಆ ವಿ.ವಿ.ಯ ಎಚ್ಆರ್‌ಗೆ ಒಂದು ಮೇಲ್ ಹಾಕಿ ಎರಡು ಪ್ರಶ್ನೆಗೆ ಲಿಖಿತ ಉತ್ತರ ತೆಗೆದುಕೊಳ್ಳಿ. ಯಾವ ಯಾವ ಡಿಗ್ರಿಗೆ ಅಪೋಸ್ಟಿಲ್ ಬೇಕು? ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ದೃಢೀಕರಣವೇ ಆಗ್ಬೇಕಾ?

ಎರಡನೇದು ಯಾಕೆ ಕೇಳ್ಬೇಕು ಅಂದ್ರೆ, ಅಪೋಸ್ಟಿಲ್‌ಗೆ ಮೊದಲು ಕೆಳಗಿನ ಹಂತದ ಒಂದು ಮುದ್ರೆ ಬೇಕು. ಅದಕ್ಕೆ ಎರಡು ದಾರಿ ಉಂಟು. ಒಂದರಲ್ಲಿ ವಿ.ವಿ.ಯ ಪರೀಕ್ಷಾಂಗ ವಿಭಾಗ ನೈಜತೆ ಪರಿಶೀಲಿಸಿ, ಬೆಂಗಳೂರಿನ ಎಂ.ಎಸ್. ಬಿಲ್ಡಿಂಗ್‌ನ ಉನ್ನತ ಶಿಕ್ಷಣ ಇಲಾಖೆ ದೃಢೀಕರಿಸಿ, ಆಮೇಲೆ ವಿದೇಶಾಂಗ ಸಚಿವಾಲಯಕ್ಕೆ ಹೋಗ್ತದೆ. ಇನ್ನೊಂದು ದೆಹಲಿಯ ಎಸ್‌ಡಿಎಂ (ಉಪವಿಭಾಗದ ಮ್ಯಾಜಿಸ್ಟ್ರೇಟ್) ಸಹಿ ಹಾಕಿಸಿ ನೇರ ಸಚಿವಾಲಯಕ್ಕೆ. ಇದು ಬೇಗ ಮುಗಿಯುವುದು, ಕಡಿಮೆ ದರ ಹೇಳುವ ಏಜೆಂಟರು ಹೆಚ್ಚಾಗಿ ಇದನ್ನೇ ಮಾಡುವುದು. ಆದರೆ ಎಸ್‌ಡಿಎಂ ಡಿಗ್ರಿಯ ನೈಜತೆಯನ್ನು ವಿ.ವಿ.ಯಲ್ಲಿ ಕೇಳಿ ನೋಡುವುದಿಲ್ಲ, ಹಾಗಾಗಿ ಗಲ್ಫ್‌ನ ಎಷ್ಟೋ ಶಿಕ್ಷಣ ಸಂಸ್ಥೆಗಳು ಅದನ್ನು ಒಪ್ಪುವುದಿಲ್ಲ. ಅಧ್ಯಾಪಕರ ಕೆಲಸಕ್ಕೆ ಮೊದಲನೇ ದಾರಿಯೇ ಹಿಡಿಯಿರಿ. ಏಜೆಂಟರ ರಸೀದಿಯಲ್ಲಿ ಯಾವ ದಾರಿ ಅಂತ ಬರೆಸಿಕೊಳ್ಳಿ. ಸಚಿವಾಲಯದ ಅಪೋಸ್ಟಿಲ್ ಶುಲ್ಕ ಒಂದು ದಾಖಲೆಗೆ 50 ರೂಪಾಯಿ ಮಾತ್ರ, ಉಳಿದದ್ದೆಲ್ಲ ಓಡಾಟ ಮತ್ತು ಸೇವೆಯ ಖರ್ಚು. ಅದು ಗೊತ್ತಿದ್ರೆ ದರ ಮಾತಾಡ್ಲಿಕ್ಕೆ ಧೈರ್ಯ ಬರ್ತದೆ.

ಪಿಎಚ್‌ಡಿಯ ಪ್ರಾವಿಶನಲ್ ಇಟ್ಟುಕೊಂಡು ಈ ಕೆಲಸಕ್ಕೆ ಹೊರಡ್ಬೇಡಿ. ಇವತ್ತೇ ಡಿಗ್ರಿ ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ನಿಮ್ಮ ಮೂರು ತಿಂಗಳಲ್ಲಿ ನಿಮ್ಮ ಕೈಯಲ್ಲಿ ಇಲ್ಲದ ಸಮಯ ಅಂದ್ರೆ ಇದೊಂದೇ, ಹಾಗಾಗಿ ಇದು ಮೊದಲು ಶುರು ಆಗ್ಬೇಕು. ಕೊಣಾಜೆಯ ಮಂಗಳಗಂಗೋತ್ರಿಗೆ, ಅಂದ್ರೆ ಮಂಗಳೂರು ವಿ.ವಿ. ಕ್ಯಾಂಪಸ್ಸಿಗೆ, ಹೋದ ದಿನವೇ ಇನ್ನೊಂದು ಪತ್ರಕ್ಕೂ ಅರ್ಜಿ ಕೊಟ್ಟು ಬನ್ನಿ. ಎಂಎಸ್ಸಿ ಮತ್ತು ಪಿಎಚ್‌ಡಿ ರೆಗ್ಯುಲರ್ ಕ್ರಮದಲ್ಲಿ ಮಾಡಿದ್ದು, ಯಾವ ದಿನದಿಂದ ಯಾವ ದಿನದ ತನಕ, ಬೋಧನಾ ಮಾಧ್ಯಮ ಇಂಗ್ಲಿಷ್ ಅಂತ ವಿ.ವಿ.ಯ ಲೆಟರ್‌ಹೆಡ್‌ನಲ್ಲಿ ಬರಬೇಕು. ಡಿಗ್ರಿ ಮಾನ್ಯತೆ ನೋಡುವಾಗ ದೂರಶಿಕ್ಷಣವಾ, ತರಗತಿಯಲ್ಲಿ ಕೂತು ಓದಿದ್ದಾ ಅಂತ ಖಂಡಿತ ಕೇಳ್ತಾರೆ, ಆ ಮಾತು ಡಿಗ್ರಿ ಸರ್ಟಿಫಿಕೇಟಿನಲ್ಲಿ ಇರುವುದಿಲ್ಲ.

ಇದೇ ಸಾಲಿನಲ್ಲಿ ಓದುವ ಬೇರೆಯವರಿಗೂ ಒಂದು ಮಾತು. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಆರ್‌ಇಸಿ ಅನ್ನುವ ಹೆಸರಿದ್ದ ಕಾಲದಲ್ಲಿ ಓದಿದವರ ಡಿಗ್ರಿ ಮೇಲೆ ಮಂಗಳೂರು ವಿ.ವಿ. ಹೆಸರು, 1980ಕ್ಕೆ ಮೊದಲಿನವರದ್ದಾದ್ರೆ ಮೈಸೂರು ವಿ.ವಿ. ಹೆಸರು ಇರ್ತದೆ. ಈಗ ಅದು ಎನ್‌ಐಟಿಕೆ. ಬಯೋಡೇಟಾದಲ್ಲಿ ಎನ್‌ಐಟಿಕೆ ಅಂತ ಹಾಕಿ ಡಿಗ್ರಿಯಲ್ಲಿ ಬೇರೆ ಹೆಸರು ಕಂಡ್ರೆ ಅಲ್ಲಿಯ ಅಧಿಕಾರಿ ಕಡತ ತಡೆದು ಇಡ್ತಾರೆ. ಅರ್ಜಿಯಲ್ಲಿ ಸರ್ಟಿಫಿಕೇಟಿನಲ್ಲಿ ಅಚ್ಚಾದ ಹೆಸರನ್ನೇ ಬರೆಯಿರಿ.

ಹೆಸರಿನ ಸಮಸ್ಯೆ ನಮ್ಮ ಜಿಲ್ಲೆಯಲ್ಲಿ ಮನೆ ಮನೆಯದ್ದು. ಪಾಸ್‌ಪೋರ್ಟಿನಲ್ಲಿ ಇದ್ದದ್ದೇ ಕೊನೆಯ ಮಾತು. ಇ-ಸ್ಟಾಂಪ್ ಪೇಪರ್ ಮೇಲೆ "ಈ ಎರಡೂ ಹೆಸರು ಒಬ್ಬರದ್ದೇ" ಅಂತ ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿ. ಅದರಲ್ಲಿ ಪ್ರತಿಯೊಂದು ದಾಖಲೆಯ ಹೆಸರು, ನಂಬರು, ಅದರಲ್ಲಿ ಹೆಸರು ಹೇಗೆ ಬಂದಿದೆ ಅಂತ ಚುಕ್ಕೆ ಸಮೇತ ಬರೆಸಿ. ಬರೀ ಎರಡು ಸಾಲಿನ ಅಫಿಡವಿಟ್ ಉಪಯೋಗಕ್ಕೆ ಬರುವುದಿಲ್ಲ. ಇನ್ನು ಬರಬೇಕಾದ ಅನುಭವ ಪತ್ರ, ಪೊಲೀಸ್ ಕ್ಲಿಯರೆನ್ಸ್ ಎಲ್ಲವೂ ಪಾಸ್‌ಪೋರ್ಟ್ ಹೆಸರಿನಲ್ಲೇ ಬರುವ ಹಾಗೆ ನೋಡಿಕೊಳ್ಳಿ.

ಅಂಬಲಪಾಡಿ:

ತುಂಬಾ ಉಪಕಾರ ಸರ್. ಲ್ಯಾಮಿನೇಶನ್ ಕಿತ್ತರೆ ಆಗ್ತದಾ? ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಎಳೆದರೆ ಬರ್ತದೆ ಅಂತ ಒಬ್ಬರು ಹೇಳಿದ್ರು.

ಕೊಣಾಜೆ ಗುಡ್ಡೆ:

ದಯವಿಟ್ಟು ಮಾಡ್ಬೇಡಿ! ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯದ ಹಾಗೆ ಅಂತ ನಮ್ಮಲ್ಲಿ ಎಲ್ಲರೂ ಲ್ಯಾಮಿನೇಟ್ ಮಾಡಿಸುವುದು, ಆದರೆ ಬಿಸಿ ಲ್ಯಾಮಿನೇಶನ್‌ನಲ್ಲಿ ಪ್ಲಾಸ್ಟಿಕ್ಕಿನ ಒಳಮೈಯ ಅಂಟು ಕರಗಿ ಕಾಗದದ ನಾರಿನೊಳಗೆ ಇಳಿದಿರ್ತದೆ. ಮತ್ತೆ ಬಿಸಿ ತಾಗಿಸಿ ಎಳೆದರೆ ಅಂಟಿನ ಜೊತೆ ಮೇಲಿನ ಪದರವೂ ಏಳ್ತದೆ. ಮೊದಲು ಹೋಗುವುದು ಕುಲಪತಿಗಳ ಸಹಿಯ ಶಾಯಿ ಮತ್ತು ನೇರಳೆ ಮೊಹರು, ಅವೆರಡೇ ಅವರಿಗೆ ಬೇಕಾದದ್ದು. ಮುದ್ರೆ, ಸ್ಟಿಕ್ಕರ್ ಎಲ್ಲ ಕಾಗದದ ಹಿಂದಿನ ಮೈಗೆ ಬೀಳುವುದು, ಪ್ಲಾಸ್ಟಿಕ್ ಮೇಲೆ ಹಾಕಿದ್ರೆ ಒಪ್ಪುವುದಿಲ್ಲ.

ಬೆಳಕಿಗೆ ಹಿಡಿದು ಅಂಚು ನೋಡಿ. ಕಾಗದದ ಸುತ್ತ ಪ್ಲಾಸ್ಟಿಕ್ ಮಾತ್ರ ಇರುವ ಅಂಚು ಉಂಟು, ಒಳಗೆ ಕಾಗದ ಸಡಿಲವಾಗಿ ಅಲ್ಲಾಡ್ತದೆ ಅಂದ್ರೆ ಅದು ಅಂಟಿದ್ದಲ್ಲ. ಆ ಖಾಲಿ ಅಂಚನ್ನು ಕತ್ತರಿಸಿದ್ರೆ ಕಾಗದ ಜಾರಿ ಬರ್ತದೆ. ಅಲ್ಲಾಡುವುದಿಲ್ಲ ಅಂದ್ರೆ ಮುಟ್ಟಬೇಡಿ. ಪಿಎಚ್‌ಡಿ ಅರ್ಜಿ ಕೊಡುವ ದಿನವೇ ಎಂಎಸ್ಸಿ ಡಿಗ್ರಿಯ ಡೂಪ್ಲಿಕೇಟಿಗೂ ಅರ್ಜಿ ಹಾಕಿ. ಹಳೆಯದನ್ನು ಎರಡೂ ಬದಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಇಡಿ.

ಸ್ಟಿಕ್ಕರ್ ಹಾಕಿ ವಾಪಸ್ ಬಂದ ಮೇಲೆ ಕೌಂಟರಿನಲ್ಲೇ ನಿಂತು ಓದಿ. ಅದರಲ್ಲಿ 10 ಅಂಕಣ ಇರ್ತದೆ: ದೇಶ, ಸಹಿ ಮಾಡಿದವರು, ಅವರ ಹುದ್ದೆ, ಊರು, ದಿನಾಂಕ, ಕ್ರಮಸಂಖ್ಯೆ ಇತ್ಯಾದಿ. ನಿಮ್ಮ ಹೆಸರಿನ ಅಕ್ಷರ, ದಾಖಲೆಯ ವಿಧ ಸರಿ ಉಂಟಾ ನೋಡಿ. ಮಸ್ಕತ್ ತಲುಪಿದ ಮೇಲೆ ತಪ್ಪು ಕಂಡ್ರೆ ಮೂಲ ಪ್ರತಿಯನ್ನೇ ಊರಿಗೆ ಕಳಿಸ್ಬೇಕಾಗ್ತದೆ.

ಪಾಂಗಾಳ:

ರಾಜೀನಾಮೆ ಬಗ್ಗೆ. ಬರೆದು ಸಹಿ ಹಾಕಿ ಬ್ಯಾಗಿನಲ್ಲಿ ಇಡಿ, ಕೊಡುವುದು ಜೂನ್ ಕೊನೆಯೊಳಗೆ ಸಾಕು. ಅದಕ್ಕಿಂತ ಮೊದಲು ಒಂದು ಎದೆ ಎಕ್ಸ್‌ರೇ ಖಾಸಗಿಯಾಗಿ ತೆಗೆಸಿ. ಗಲ್ಫ್ ವೀಸಾಕ್ಕೆ ವಾಫಿದ್ ಮೆಡಿಕಲ್ ಉಂಟು, ಹಿಂದೆ ಗಾಮ್ಕಾ ಅಂತಿದ್ರು. ಆನ್‌ಲೈನ್‌ನಲ್ಲಿ ಸ್ಲಿಪ್ ತೆಗೆದು ಅವರು ಹೇಳಿದ ಕೇಂದ್ರಕ್ಕೆ ಹೋಗುವುದು, ಮಂಗಳೂರಿನಲ್ಲೇ ಆಗ್ತದೆ. ಅಲ್ಲಿ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಎಕ್ಸ್‌ರೇಯಲ್ಲಿ. ಎಂದೋ ಗುಣವಾದ ಕ್ಷಯದ ಕಲೆ ಕಂಡರೂ ಅನ್‌ಫಿಟ್ ಬರೀತಾರೆ. ಕೆಲಸ ಬಿಟ್ಟ ಮೇಲೆ ಅದು ಗೊತ್ತಾಗುವುದು ಬೇಡ. ಆದರೆ ವಾಫಿದ್ ಮೆಡಿಕಲ್ ಈಗಲೇ ಮಾಡಿಸ್ಬೇಡಿ, ಆ ವರದಿಗೆ ಅವಧಿ ಉಂಟು. ವಿ.ವಿ.ಯವರು ವೀಸಾ ಕೆಲಸ ಶುರು ಮಾಡಿ ಹೇಳಿದ ಮೇಲೆ ಮಾಡಿಸಿ.

ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಪೋರ್ಟಲ್, ಶುಲ್ಕ 500 ರೂಪಾಯಿ. ಪಾಸ್‌ಪೋರ್ಟಿನ ವಿಳಾಸ ಹಳೆ ಮನೆಯದ್ದಾದ್ರೆ ಮೊದಲೇ ಯೋಚನೆ ಮಾಡಿ, ಠಾಣೆಯವರು ಬರುವುದು ನೀವು ಈಗ ಇರುವ ಮನೆಗೆ.

ಕಾಲೇಜಿನಿಂದ ಬರೀ ರಿಲೀವಿಂಗ್ ಲೆಟರ್ ಸಾಲದು. ಅನುಭವ ಪತ್ರದಲ್ಲಿ ಪೂರ್ಣಾವಧಿ ಅಂತ ಇರ್ಲಿ, ಪ್ರತಿ ಹುದ್ದೆಯ ಆರಂಭ ಮತ್ತು ಕೊನೆಯ ದಿನ, ಪಾಠ ಮಾಡಿದ ವಿಷಯಗಳು, ವಾರದ ಗಂಟೆಗಳು ಇರ್ಲಿ. ಸಂಬಳದ ಶ್ರೇಣಿ ನಿಗದಿ ಮಾಡುವಾಗ ಪಿಎಚ್‌ಡಿ ಆದ ಮೇಲಿನ ವರ್ಷಗಳನ್ನು ಬೇರೆ ಎಣಿಸುವ ಸಂಸ್ಥೆಗಳು ಉಂಟು, ಆಗ ಈ ದಿನಾಂಕಗಳೇ ಆಧಾರ.

ಕಾರ್‌ಸ್ಟ್ರೀಟ್ ಲೆಕ್ಕ:

ದುಡ್ಡಿನ ವಿಷಯ ನಾನು ಬರೀತೇನೆ ಮೇಡಂ.

ಮೊದಲು ಹೊರಡುವ ದಿನ. ಕೆಲಸಕ್ಕೆಂದು ದೇಶ ಬಿಡುವ ಭಾರತೀಯರು ಆ ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ ಆಗ್ತಾರೆ, ಒಮಾನ್ ಸಂಬಳಕ್ಕೆ ಇಲ್ಲಿ ತೆರಿಗೆ ಬರುವುದಿಲ್ಲ. ಏಪ್ರಿಲ್ 1ರಿಂದ ಸೆಪ್ಟೆಂಬರ್ 28ರ ತನಕ 181 ದಿನ. ನೀವು ಆಗಸ್ಟ್ 28ಕ್ಕೆ ವಿಮಾನ ಹತ್ತಿದ್ರೆ 150 ದಿನ ಆಯ್ತು, ಹೊರಡುವ ದಿನವೂ ಲೆಕ್ಕಕ್ಕೆ ಉಂಟು. ಅಂದ್ರೆ ಮಾರ್ಚ್ 31ರೊಳಗೆ ಊರಿಗೆ ಬಂದು ಇರ್ಲಿಕ್ಕೆ ಉಳಿದದ್ದು 31 ದಿನ ಮಾತ್ರ. ಜನವರಿಯ ಸೆಮಿಸ್ಟರ್ ರಜೆ, ಮನೆಯ ಭೂತಕೋಲ, ಮದುವೆ ಎಲ್ಲ ಆ 31ರೊಳಗೆ ಹಿಡಿಸ್ಬೇಕು. ವೀಸಾ ತಡವಾಗಿ ಅಕ್ಟೋಬರಿಗೆ ಹೋದ್ರೆ ಆ ವರ್ಷಕ್ಕೆ ನೀವು ನಿವಾಸಿಯೇ. ಬೋರ್ಡಿಂಗ್ ಪಾಸ್ ಮತ್ತು ಇಮಿಗ್ರೇಶನ್ ಮುದ್ರೆ ಇರುವ ಪುಟ ಸ್ಕ್ಯಾನ್ ಮಾಡಿ ಇಡಿ.

ಉಳಿತಾಯ ಖಾತೆ ಹಾಗೆಯೇ ಬಿಡುವ ಹಾಗಿಲ್ಲ, ಅದನ್ನು ಎನ್‌ಆರ್‌ಒ (ಅನಿವಾಸಿಗಳ ಊರಿನ ಆದಾಯದ ಖಾತೆ) ಮಾಡಿಸ್ಬೇಕು. ಅಲ್ಲಿಂದ ಕಳಿಸುವ ಸಂಬಳಕ್ಕೆ ಬೇರೆ ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಯಲ್ಲಿ ಸೆಸ್ ಸೇರಿ 31.2 ಶೇಕಡಾ ಮೊದಲೇ ಕಡಿತ ಆಗ್ತದೆ. ಹಾಗಾಗಿ ಊರಿನ ದೊಡ್ಡ ಠೇವಣಿ ಇದ್ರೆ ರಿಟರ್ನ್ ಹಾಕಿ ಹೆಚ್ಚಾದದ್ದನ್ನು ವಾಪಸ್ ಕೇಳ್ಬೇಕು. ಪಿಪಿಎಫ್ ಮುಚ್ಚುವುದು ಬೇಡ, 15 ವರ್ಷ ತುಂಬುವ ತನಕ ದುಡ್ಡು ಹಾಕ್ಬಹುದು. ಆಮೇಲೆ ಐದೈದು ವರ್ಷ ಮುಂದುವರಿಸ್ಲಿಕ್ಕೆ ಮಾತ್ರ ಅನಿವಾಸಿಗಳಿಗೆ ಅವಕಾಶ ಇಲ್ಲ.

ನಮ್ಮ ಊರು ಬ್ಯಾಂಕುಗಳ ತವರು, ಆದ್ರೆ ಆ ಹಳೆ ಪಾಸ್‌ಬುಕ್ಕುಗಳೇ ಈಗ ತೊಂದರೆ ಕೊಡುವುದು. 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು, ಐಎಫ್‌ಎಸ್‌ಸಿ ಬದಲಾಯ್ತು. ಹಳೆ ಕೋಡ್ ನೋಡಿ ಮಸ್ಕತ್‌ನಲ್ಲಿ ದುಡ್ಡು ಕಳಿಸುವ ಮನಿ ಎಕ್ಸ್‌ಚೇಂಜಿನಲ್ಲಿ ಬರೆದುಕೊಟ್ರೆ ದುಡ್ಡು ತಿರುಗಿ ಹೋಗ್ತದೆ. ಶಾಖೆಯಲ್ಲಿ ಹೊಸ ಕೋಡ್ ಬರೆಸಿಕೊಳ್ಳಿ.

ಮೊಬೈಲ್ ನಂಬರ್ ಕಳೆದುಕೊಳ್ಳಬೇಡಿ, ಇದು ಎಲ್ಲಕ್ಕಿಂತ ಮುಖ್ಯ. ಬ್ಯಾಂಕ್, ಆಧಾರ್, ತೆರಿಗೆ ಪೋರ್ಟಲ್ ಎಲ್ಲದರ ಒಟಿಪಿ ಆ ಸಿಮ್ಮಿಗೇ. ಹೊರಡುವ ಮೊದಲು ಇಲ್ಲೇ ಅಂತರರಾಷ್ಟ್ರೀಯ ರೋಮಿಂಗ್ ಆನ್ ಮಾಡಿಸಿ, ಡೇಟಾ ರೋಮಿಂಗ್ ಆಫ್ ಇಡಿ, ವರ್ಷದ ಪ್ಲಾನ್ ಹಾಕಿಸಿ. ರೀಚಾರ್ಜ್ ಇಲ್ಲದೆ ನಂಬರ್ ರದ್ದಾದ್ರೆ ಅದು ಬೇರೆಯವರ ಕೈಗೆ ಹೋಗ್ತದೆ.

ರುವಿ ಬಸ್‌ಸ್ಟ್ಯಾಂಡ್:

ಕರಾರುಪತ್ರ ಸಹಿ ಹಾಕುವ ಮೊದಲು ಒಟ್ಟು ಸಂಬಳ ನೋಡ್ಬೇಡಿ, ಮೂಲ ವೇತನ ನೋಡಿ. 2023ರ ಒಮಾನ್ ಕಾರ್ಮಿಕ ಕಾನೂನಿನಲ್ಲಿ ವಿದೇಶಿ ನೌಕರರಿಗೆ ಸೇವೆ ಮುಗಿದಾಗ ವರ್ಷಕ್ಕೆ ಒಂದು ತಿಂಗಳ ಮೂಲ ವೇತನದ ಲೆಕ್ಕದಲ್ಲಿ ಗ್ರಾಚ್ಯುಟಿ. 1000 ರಿಯಾಲಿನಲ್ಲಿ ಮೂಲ 400, ಉಳಿದದ್ದು ಭತ್ಯೆ ಅಂತ ಬರೆದಿದ್ರೆ ಐದು ವರ್ಷಕ್ಕೆ ಸಿಗುವುದು 2000. ಮೂಲ 700 ಇದ್ರೆ 3500. ಪ್ರೊಬೇಶನ್ ಮೂರು ತಿಂಗಳಿಗಿಂತ ಹೆಚ್ಚು ಬರೆಯುವ ಹಾಗಿಲ್ಲ. ವಾರದ ಪಾಠದ ಗಂಟೆ ಎಷ್ಟು, ಬೇಸಿಗೆಯ ಸೆಮಿಸ್ಟರ್ ಅದರಲ್ಲಿ ಸೇರಿದ್ದಾ, ಲ್ಯಾಬ್ ಗಂಟೆಯನ್ನು ಪೂರ್ತಿ ಎಣಿಸ್ತಾರಾ ಅರ್ಧ ಎಣಿಸ್ತಾರಾ, ಇದನ್ನು ಬರಹದಲ್ಲಿ ಕೇಳಿ. ಭೌತಶಾಸ್ತ್ರದವರಿಗೆ ಈ ಕೊನೆಯದು ತುಂಬಾ ವ್ಯತ್ಯಾಸ ಮಾಡ್ತದೆ.

ಪಾಠದ ತಯಾರಿಯನ್ನು ಊರಿನಲ್ಲೇ ಶುರು ಮಾಡಿ. ಇಲ್ಲಿ ಮಸ್ಕತ್‌ನಲ್ಲಿ ಪ್ರತಿ ಕೋರ್ಸಿಗೆ ಒಂದು ಕೋರ್ಸ್ ಫೈಲ್ ಇಡ್ಬೇಕು. ಕಲಿಕಾ ಫಲಗಳು, ಯಾವ ಪ್ರಶ್ನೆ ಯಾವ ಫಲಕ್ಕೆ ಅಂತ ಜೋಡಿಸಿದ ಪಟ್ಟಿ, ಪ್ರಶ್ನೆಪತ್ರಿಕೆ ಮತ್ತು ಉತ್ತರದ ಮಾದರಿ, ಒಳ್ಳೆಯದು, ಸಾಧಾರಣ, ಕಡಿಮೆ ಅಂತ ಮೂರು ಮಟ್ಟದ ಉತ್ತರಪತ್ರಿಕೆಗಳ ಪ್ರತಿ. ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮೊದಲೇ ಇನ್ನೊಬ್ಬ ಅಧ್ಯಾಪಕರ ಕಣ್ಣಿಗೆ ಬೀಳ್ಬೇಕು, ಮೌಲ್ಯಮಾಪನ ಆದ ಮೇಲೂ ಇನ್ನೊಮ್ಮೆ ನೋಡ್ತಾರೆ. ಮಕ್ಕಳು ಶಾಲೆಯಲ್ಲಿ ಅರಬ್ಬಿಯಲ್ಲಿ ಕಲಿತು, ಫೌಂಡೇಶನ್ ಹಂತದಲ್ಲಿ ಇಂಗ್ಲಿಷ್, ಗಣಿತ, ಕಂಪ್ಯೂಟರ್ ಮುಗಿಸಿ ನಿಮ್ಮ ಕ್ಲಾಸಿಗೆ ಬರ್ತಾರೆ. ಉದ್ದ ವಾಕ್ಯದ ಲೆಕ್ಕ ಕೊಟ್ರೆ ಭೌತಶಾಸ್ತ್ರ ಗೊತ್ತಿದ್ದವರೂ ಭಾಷೆಯಲ್ಲಿ ಸೋಲ್ತಾರೆ. ಒಂದು ವಾಕ್ಯಕ್ಕೆ ಒಂದೇ ಮಾಹಿತಿ, ಜೊತೆಗೆ ಚಿತ್ರ. ನಿಮ್ಮ ಹಳೆ ಪ್ರಶ್ನೆಗಳನ್ನು ಹಾಗೆ ತಿದ್ದಿ ತನ್ನಿ, ಮೊದಲ ತಿಂಗಳು ಉಸಿರಾಡ್ಲಿಕ್ಕೆ ಸಮಯ ಸಿಗ್ತದೆ. ಕೆಲಸದ ವಾರ ಭಾನುವಾರದಿಂದ ಗುರುವಾರ.

ಮಗಳನ್ನು ಏಪ್ರಿಲಿಗೆ ತರುವುದು ಒಳ್ಳೆಯದು, ಇಲ್ಲಿನ ಭಾರತೀಯ ಶಾಲೆಗಳ ವರ್ಷ ಆಗಲೇ ಶುರು. ಆದರೆ ಪ್ರವೇಶದ ಅರ್ಜಿ ಅದಕ್ಕಿಂತ ಮೊದಲೇ ಆಗ್ತದೆ, ನೀವು ಬಂದ ಕೂಡ್ಲೇ ದಿನಾಂಕ ವಿಚಾರಿಸಿ. ಊರಿನಲ್ಲಿ ಕನ್ನಡ ಓದ್ತಿದ್ರೆ ಯಾವ ಎರಡನೇ ಭಾಷೆ ಸಿಗ್ತದೆ ಅಂತಲೂ ಕೇಳಿ. ಮದುವೆ ಸರ್ಟಿಫಿಕೇಟ್, ಮಗಳ ಜನನ ಪತ್ರಕ್ಕೂ ಈಗಲೇ ಅಪೋಸ್ಟಿಲ್ ಮಾಡಿಸಿ ಬಿಡಿ, ಡಿಗ್ರಿಯ ಜೊತೆ ಒಂದೇ ಓಡಾಟದಲ್ಲಿ ಹೋಗ್ತದೆ. ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದ್ರೆ ಮೊದಲು ಹೆಸರು ಸೇರಿಸಿ.

ಪೆಟ್ಟಿಗೆಗೆ ಗಸಗಸೆ ಒಂದು ಚಮಚವೂ ಬೇಡ, ಗಲ್ಫ್‌ನಲ್ಲಿ ಅದು ಮಾದಕ ವಸ್ತುವಿನ ಕೇಸು ಆಗುವ ಸಂಭವ ಉಂಟು. ಯಾರಾದ್ರೂ ಕೊಟ್ಟ ಮಸಾಲೆ ಪುಡಿಯಲ್ಲಿ ಸೇರಿದೆಯಾ ಕೇಳಿ. ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಎಣ್ಣೆ ಅಂಶಕ್ಕೆ ತಾನಾಗಿ ಬಿಸಿಯಾಗಿ ಉರಿಯುವ ವಸ್ತು ಅಂತ ಲೆಕ್ಕ. ಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ, ಭರಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ ಎರಡು ಕವರಿನಲ್ಲಿ ಕಟ್ಟಿ. ಕೋಡೀನ್, ಟ್ರಮಡಾಲ್ ಇರುವ ಮಾತ್ರೆ, ಸಿರಪ್ ತರಬೇಡಿ. ಬೇರೆ ಮದ್ದು ಮೂಲ ಸ್ಟ್ರಿಪ್ಪಿನಲ್ಲೇ, ಡಾಕ್ಟರ ಚೀಟಿ ಸಮೇತ ಇರ್ಲಿ. ಕರೆಂಟು 240 ವೋಲ್ಟ್, ಮಿಕ್ಸಿ ಹಾಗೆಯೇ ನಡೀತದೆ, ಪ್ಲಗ್ ಮಾತ್ರ ಮೂರು ಚಪ್ಪಟೆ ಕಾಲಿನದ್ದು ಬೇಕು. ಕುಚ್ಚಲಕ್ಕಿ ಇಲ್ಲೇ ಸಿಗ್ತದೆ, ಅದಕ್ಕೆ ತೂಕ ಖರ್ಚು ಮಾಡ್ಬೇಡಿ.

ಮೂಲ ಸರ್ಟಿಫಿಕೇಟುಗಳೆಲ್ಲ ಕೈಚೀಲದಲ್ಲೇ ಇರ್ಲಿ. ಆಗಸ್ಟ್ ಕೊನೆಗೆ ಬಜಪೆ ವಿಮಾನ ನಿಲ್ದಾಣದಲ್ಲಿ ಮಳೆ ಇರ್ತದೆ, ಫೈಲಿಗೆ ಜಿಪ್ ಇರುವ ಪ್ಲಾಸ್ಟಿಕ್ ಕವರ್ ಹಾಕಿ.

ಅಂಬಲಪಾಡಿ:

ಎಲ್ಲರಿಗೂ ಕೈಮುಗೀತೇನೆ. ಸರ್ಟಿಫಿಕೇಟ್ ಬೆಳಕಿಗೆ ಹಿಡಿದು ನೋಡಿದೆ, ಅಲ್ಲಾಡುವುದಿಲ್ಲ, ಪೂರ್ತಿ ಅಂಟಿದೆ. ಸೋಮವಾರ ಕೊಣಾಜೆಗೆ ಹೋಗಿ ಪಿಎಚ್‌ಡಿ ಸರ್ಟಿಫಿಕೇಟ್ ಮತ್ತು ಎಂಎಸ್ಸಿ ಡೂಪ್ಲಿಕೇಟ್ ಎರಡಕ್ಕೂ ಅರ್ಜಿ ಕೊಡ್ತೇನೆ. ಎಕ್ಸ್‌ರೇ ನಾಳೆಯೇ.