ಕೃಷಿ ಆ್ಯಪ್‌ಗಳ ಬಗ್ಗೆ ಬಳಕೆದಾರರು ಬರೆದ ಅಭಿಪ್ರಾಯಗಳು: ವಿಷಯ ವಿಶ್ಲೇಷಣೆ ಮಾಡುವುದು ಹೇಗೆ?

ತುಂಗಾತೀರ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಾನು ಮಾಹಿತಿ ತಂತ್ರಜ್ಞಾನದಲ್ಲಿ ಪಿಎಚ್‌ಡಿ ಸಂಶೋಧನೆಯ ಮೊದಲ ಹಂತದಲ್ಲಿದ್ದೇನೆ. ಮಲೆನಾಡಿನ ಅಡಿಕೆ ಬೆಳೆಗಾರರು ಕೃಷಿ ಸಲಹೆಯ ಆ್ಯಪ್‌ಗಳನ್ನು ಹೇಗೆ ಬಳಸುತ್ತಾರೆ ಮತ್ತು ಯಾವ ಕಾರಣಕ್ಕೆ ಕೈಬಿಡುತ್ತಾರೆ ಎಂಬುದು ನನ್ನ ವಿಷಯ. ಇಂತಹ ಕೆಲವು ಆ್ಯಪ್‌ಗಳಿಗೆ ಪ್ಲೇ ಸ್ಟೋರ್‌ನಲ್ಲಿ ಬಂದಿರುವ ಅಭಿಪ್ರಾಯಗಳನ್ನು ಸಂಗ್ರಹಿಸಿ, ಹೆಚ್ಚು ಬಾರಿ ಬಂದ ಪದಗಳನ್ನು ಸಾಫ್ಟ್‌ವೇರ್‌ನಿಂದ ಎಣಿಸಿ ಸಮಸ್ಯೆಗಳನ್ನು ಗುರುತಿಸಬೇಕೆಂದುಕೊಂಡಿದ್ದೆ. ಪದಗಳ ಎಣಿಕೆಯಷ್ಟೇ ಸಾಲದು, ಇಬ್ಬರು ಬೇರೆ ಬೇರೆಯಾಗಿ ಓದಿ ಕೋಡ್ ಮಾಡಿ (ಅಂದರೆ ಯಾವ ವರ್ಗಕ್ಕೆ ಸೇರುತ್ತದೆಂದು ಗುರುತಿಸಿ) ಇಬ್ಬರ ಒಮ್ಮತವನ್ನು ಅಳೆಯುವ ಕಪ್ಪಾ ಬೆಲೆಯನ್ನು ಕೊಡಬೇಕು ಎಂದು ಮಾರ್ಗದರ್ಶಕರು ತಿಳಿಸಿದರು.

ಅದರಂತೆ ನಾನು ಮತ್ತು ಸಹಪಾಠಿಯೊಬ್ಬರು 100 ಅಭಿಪ್ರಾಯಗಳನ್ನು ಓದಿ, ಪ್ರತಿಯೊಂದರಲ್ಲೂ ‘ಸಂಪರ್ಕದ ತೊಂದರೆ’ ಇದೆಯೇ ಇಲ್ಲವೇ ಎಂದು ಗುರುತಿಸಿದೆವು. ಇಬ್ಬರೂ ‘ಇದೆ’ ಎಂದದ್ದು 5, ಇಬ್ಬರೂ ‘ಇಲ್ಲ’ ಎಂದದ್ದು 85. ನಾನು ಮಾತ್ರ ‘ಇದೆ’ ಎಂದದ್ದು 5, ಅವರು ಮಾತ್ರ ಹಾಗೆಂದದ್ದು 5. ನೂರಕ್ಕೆ 90ರಷ್ಟು ಒಮ್ಮತವಿದ್ದರೂ ಕಪ್ಪಾ 0.44 ಮಾತ್ರ ಬಂದಿದೆ. ದೋಷವಿರುವುದು ಲೆಕ್ಕದಲ್ಲೋ, ವಿಧಾನದಲ್ಲೋ ತಿಳಿದವರು ದಯವಿಟ್ಟು ವಿವರಿಸಿ.

ಕೊಡಚಾದ್ರಿ, ಹೊಸನಗರ:

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಇಬ್ಬರೂ ತಲಾ 10ಕ್ಕೆ ‘ಇದೆ’, 90ಕ್ಕೆ ‘ಇಲ್ಲ’ ಎಂದಿದ್ದೀರಿ. ಏನನ್ನೂ ಓದದೆ ಇದೇ ಪ್ರಮಾಣದಲ್ಲಿ ಗುರುತು ಹಾಕುತ್ತಾ ಹೋಗಿದ್ದರೂ 0.1×0.1 + 0.9×0.9, ಅಂದರೆ 0.82ರಷ್ಟು ಒಮ್ಮತ ಆಕಸ್ಮಿಕವಾಗಿಯೇ ಬರುತ್ತಿತ್ತು. ಜೇಕಬ್ ಕೊಹೆನ್ 1960ರಲ್ಲಿ ರೂಪಿಸಿದ ಕಪ್ಪಾ ಈ ಆಕಸ್ಮಿಕ ಭಾಗವನ್ನು ಕಳೆಯುತ್ತದೆ: 0.90ರಿಂದ 0.82 ಕಳೆದು, ಉಳಿದ 0.08 ಅನ್ನು 0.18ರಿಂದ (1ರಿಂದ 0.82 ಕಳೆದದ್ದು) ಭಾಗಿಸಿದರೆ 0.44. ಇನ್ನೊಂದು ರೀತಿಯಲ್ಲಿ ನೋಡಿ. ಇಬ್ಬರಲ್ಲಿ ಒಬ್ಬರಾದರೂ ‘ಇದೆ’ ಎಂದ ಅಭಿಪ್ರಾಯಗಳು 15, ಅವುಗಳಲ್ಲಿ ಇಬ್ಬರೂ ಒಪ್ಪಿದ್ದು 5 ಮಾತ್ರ. ನಿಮ್ಮ ಸಂಶೋಧನೆಗೆ ಬೇಕಾಗಿರುವುದು ಆ 15 ಅಭಿಪ್ರಾಯಗಳೇ ಹೊರತು, ಯಾರು ಓದಿದರೂ ‘ಇಲ್ಲ’ ಎನ್ನಬಹುದಾದ 85 ಅಲ್ಲ.

ಆದ್ದರಿಂದ ಭಿನ್ನಮತ ಬಂದ ಹತ್ತನ್ನೂ ಇಬ್ಬರೂ ಕುಳಿತು ಮತ್ತೆ ಓದಿ. ‘ಓಪನ್ ಆಗ್ತಾ ಇಲ್ಲ’ ಎಂದಷ್ಟೇ ಬರೆದ ಅಭಿಪ್ರಾಯಗಳು ಅವುಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಗುಡ್ಡದ ಮರೆಯಲ್ಲಿ ಸಿಗ್ನಲ್‌ಗಾಗಿ ಅಂಗಳದಿಂದ ಗದ್ದೆಯ ಬದಿಗೆ ನಡೆದು ಹೋಗುವುದು ನಮ್ಮ ಕಡೆಯವರಿಗೆ ರೂಢಿಯಾದ್ದರಿಂದ, ಅಂತಹ ಮಾತನ್ನು ಓದಿದ ಕೂಡಲೇ ನೆಟ್‌ವರ್ಕ್ ಇಲ್ಲವೆಂದು ನಾವೇ ಊಹಿಸಿಕೊಳ್ಳುತ್ತೇವೆ. ಬರೆದವರ ತೊಂದರೆಗೆ ಹಳೆಯ ಫೋನೋ ಸರ್ವರ್ ದೋಷವೋ ಕಾರಣವಾಗಿರಬಹುದು. ಬರೆದವರು ಹೇಳದ ಕಾರಣವನ್ನು ಓದುವವರು ಸೇರಿಸಬಾರದು. ಬರ್ನಾರ್ಡ್ ಬೆರೆಲ್ಸನ್ 1952ರಲ್ಲಿ ವಿಷಯ ವಿಶ್ಲೇಷಣೆಯ ವಿಧಾನವನ್ನು ವ್ಯಾಖ್ಯಾನಿಸುವಾಗ ಪಠ್ಯದಲ್ಲಿ ವ್ಯಕ್ತವಾಗಿರುವುದಕ್ಕೆ ಒತ್ತು ಕೊಟ್ಟದ್ದು ಇಲ್ಲಿ ನಿಮ್ಮ ನೆರವಿಗೆ ಬರುತ್ತದೆ. ಸಿಗ್ನಲ್, ಟವರ್, ಡೇಟಾ ಇವುಗಳ ಉಲ್ಲೇಖವಿದ್ದರೆ ಮಾತ್ರ ‘ಸಂಪರ್ಕದ ತೊಂದರೆ’, ಕಾರಣವನ್ನೇ ಹೇಳದಿದ್ದರೆ ‘ಕಾರಣ ತಿಳಿಸದ ವೈಫಲ್ಯ’ ಎಂದು ಕೋಡ್‌ಬುಕ್‌ನಲ್ಲಿ ಬರೆದು, ಪ್ರತಿ ವರ್ಗಕ್ಕೂ ಸೇರುವ ಒಂದು, ಸೇರದ ಒಂದು ಉದಾಹರಣೆಯನ್ನು ಕೊಡಿ. ಅನಂತರ ಪರೀಕ್ಷೆ ಹೊಸ ಅಭಿಪ್ರಾಯಗಳ ಮೇಲೆ ನಡೆಯಬೇಕು. ಚರ್ಚಿಸಿದವುಗಳನ್ನೇ ಮತ್ತೆ ಕೋಡ್ ಮಾಡಿದರೆ ಬರುವ ಒಮ್ಮತ ನೆನಪಿನದಾಗಿರುತ್ತದೆ.

ಮೂರನೆಯವರೂ ಕೋಡಿಂಗ್‌ಗೆ ಸೇರುವುದಾದರೆ ಅಥವಾ ಕೆಲವು ಅಭಿಪ್ರಾಯಗಳನ್ನು ಎಲ್ಲರೂ ಓದಿರದಿದ್ದರೆ ಕ್ಲಾಸ್ ಕ್ರಿಪೆನ್‌ಡಾರ್ಫ್ ಅವರ ಆಲ್ಫಾ ಎಂಬ ಒಮ್ಮತದ ಅಳತೆ ಅನುಕೂಲ. ಅವರು 0.800 ಅನ್ನು ಭರವಸೆಯ ಮಟ್ಟವೆಂದೂ, ತಾತ್ಕಾಲಿಕ ತೀರ್ಮಾನಗಳಿಗೆ 0.667 ಅನ್ನು ಕನಿಷ್ಠ ಮಿತಿಯೆಂದೂ ಸೂಚಿಸಿದ್ದಾರೆ.

ಶರಾವತಿ ಕಣಿವೆ, ಸಾಗರ:

ಕೊಡಚಾದ್ರಿಯವರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ನನ್ನ ಆತಂಕ ಅದಕ್ಕಿಂತ ಹಿಂದಿನ ಹಂತದ್ದು. ಅಭಿಪ್ರಾಯ ಬರೆದವರು ಯಾವ ಜಿಲ್ಲೆಯವರು, ಯಾವ ಬೆಳೆಯವರು ಎಂಬುದನ್ನು ಪ್ಲೇ ಸ್ಟೋರ್ ನಮಗೆ ತೋರಿಸುವುದಿಲ್ಲ. ಹೀಗಿರುವಾಗ ಅವುಗಳನ್ನು ಮಲೆನಾಡಿನ ಅಡಿಕೆ ಬೆಳೆಗಾರರ ಅಭಿಪ್ರಾಯವೆನ್ನಲು ಆಧಾರವೇನು? ಇನ್ಸ್ಟಾಲ್ ಮಾಡಲಾಗದವರು ಅಲ್ಲಿ ಬರೆಯುವುದಿಲ್ಲ, ಮೌನವಾಗಿ ಕೈಬಿಟ್ಟವರೂ ಬರೆಯುವುದಿಲ್ಲ. ನೀವು ಹುಡುಕುತ್ತಿರುವುದು ಅವರನ್ನೇ ಅಲ್ಲವೇ? ಕನ್ನಡದಲ್ಲಿ ಅಭಿಪ್ರಾಯ ಬರೆದ ಬಳಕೆದಾರರಿಗೆ ಪ್ರಬಂಧದ ಶೀರ್ಷಿಕೆಯನ್ನು ಸೀಮಿತಗೊಳಿಸಿ, ಇಲ್ಲವೇ ತೀರ್ಥಹಳ್ಳಿ, ಸಾಗರ, ಹೊಸನಗರದ ಬೆಳೆಗಾರರಿಂದ ಮುಕ್ತ ಪ್ರಶ್ನೆಗಳಿಗೆ ಉತ್ತರ ಪಡೆದು ಅವನ್ನೂ ಇದೇ ಕೋಡ್‌ಬುಕ್‌ನಿಂದ ವಿಶ್ಲೇಷಿಸಿ. ರೈತ ಸಂಪರ್ಕ ಕೇಂದ್ರಗಳಲ್ಲಿ, ಅಡಿಕೆ ತರುವ ಸಹಕಾರ ಸಂಘಗಳಲ್ಲಿ ಅವರು ಸಿಗುತ್ತಾರೆ.

ಕಾಲವನ್ನೂ ಗಮನಿಸಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಮಳೆಗಾಲದ ಪ್ರಶ್ನೆಗಳೇ ಬೇರೆ, ಕೊಯ್ಲು ಮತ್ತು ಧಾರಣೆಯ ಚಿಂತೆಯ ತಿಂಗಳುಗಳ ಪ್ರಶ್ನೆಗಳೇ ಬೇರೆ. ವರ್ಷದ ಎಲ್ಲ ತಿಂಗಳುಗಳಿಂದ ಮಾದರಿ ಆರಿಸಿ.

ಪದ ಎಣಿಕೆಯನ್ನು ಪೂರಕವಾಗಿ ಉಳಿಸಿಕೊಳ್ಳುವುದಾದರೆ, ಪಠ್ಯವನ್ನು ಮೊದಲು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಅಕ್ಷರವನ್ನು ಒಂದೇ ಬಗೆಯಲ್ಲಿ ದಾಖಲಿಸುವ ಪ್ರಮಾಣಿತ ರೂಪಕ್ಕೆ, ತನ್ನಿ. ಕನ್ನಡದ ಓಕಾರದಂತಹ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ, ಬಿಡಿ ಭಾಗಗಳಾಗಿಯೂ ದಾಖಲಿಸಬಹುದಾದ್ದರಿಂದ ಕಣ್ಣಿಗೆ ಒಂದೇ ಆಗಿ ಕಾಣುವ ಪದವನ್ನು ಯಂತ್ರ ಎರಡೆಂದು ಎಣಿಸುತ್ತದೆ. ಕಣ್ಣಿಗೆ ಕಾಣದ ಜೋಡಕ ಮತ್ತು ವಿಭಜಕ ಚಿಹ್ನೆಗಳನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಅವನ್ನು ಪ್ರತ್ಯೇಕವಾಗಿ ನಿಭಾಯಿಸಬೇಕು. ವಿಭಕ್ತಿ ಪ್ರತ್ಯಯಗಳಿಂದ ತೋಟಕ್ಕೆ, ತೋಟದಲ್ಲಿ, ತೋಟದಿಂದ ಎಂಬ ರೂಪಗಳೂ ಬೇರೆ ಬೇರೆ ಪದಗಳಾಗಿಯೇ ಉಳಿಯುತ್ತವೆ.

ತುಂಗಾತೀರ, ಶಿವಮೊಗ್ಗ:

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಬೆಳೆಗಾರರಿಂದ ನೇರವಾಗಿ ಉತ್ತರ ಪಡೆಯುವ ಸಲಹೆಯನ್ನು ಮಾರ್ಗದರ್ಶಕರ ಮುಂದಿಡುತ್ತೇನೆ. ಇನ್ನೊಂದು ಪ್ರಶ್ನೆ: ವರ್ಗಗಳನ್ನು ಫ್ರೆಡ್ ಡೇವಿಸ್ ಅವರ 1989ರ ತಂತ್ರಜ್ಞಾನ ಸ್ವೀಕಾರ ಮಾದರಿಯಿಂದ ಎರವಲು ಪಡೆಯಲೇ, ಉತ್ತರಗಳನ್ನು ಓದುತ್ತಾ ಅವುಗಳಿಂದಲೇ ರೂಪಿಸಲೇ?

ಕೊಡಚಾದ್ರಿ, ಹೊಸನಗರ:

ಸಂಶೋಧಕರಾದ ಶೇ (Hsieh) ಮತ್ತು ಶಾನನ್ 2005ರಲ್ಲಿ ಗುಣಾತ್ಮಕ ವಿಷಯ ವಿಶ್ಲೇಷಣೆಯ ಮೂರು ದಾರಿಗಳನ್ನು ಬೇರ್ಪಡಿಸಿದ್ದಾರೆ: ದತ್ತಾಂಶದಿಂದಲೇ ವರ್ಗಗಳನ್ನು ಕಟ್ಟುವುದು, ಸಿದ್ಧಾಂತದಿಂದ ಆರಂಭಿಸುವುದು, ಪದಗಳ ಎಣಿಕೆಯಿಂದ ಹೊರಟು ಸಂದರ್ಭದ ಅರ್ಥದ ಕಡೆಗೆ ಸಾಗುವುದು. ನೀವು ಎರಡನೆಯದನ್ನು ಆರಿಸಿಕೊಳ್ಳಬಹುದು. ಡೇವಿಸ್ ಹೇಳಿದ ಉಪಯುಕ್ತತೆ ಮತ್ತು ಬಳಕೆಯ ಸುಲಭತೆ ಎಂಬ ಎರಡು ಗ್ರಹಿಕೆಗಳಿಂದ ಆರಂಭಿಸಿ, ಅವುಗಳಲ್ಲಿ ಸೇರದ ಉತ್ತರಗಳನ್ನು ಪ್ರತ್ಯೇಕವಾಗಿಡಿ. ಮನೆಯ ಮಕ್ಕಳು ಊರಿಗೆ ಬಂದಾಗ ಮಾತ್ರ ಆ್ಯಪ್ ತೆರೆಯುತ್ತೇವೆ ಎಂದು ಹಿರಿಯ ಬೆಳೆಗಾರರೊಬ್ಬರು ಹೇಳಿದರೆ, ಅದನ್ನು ‘ಸುಲಭತೆ’ಯ ಕೆಳಗೆ ಒತ್ತಾಯದಿಂದ ತುರುಕಬೇಡಿ. ಅಂತಹ ಉತ್ತರಗಳು ಸಾಕಷ್ಟು ಸೇರಿದಾಗ ಅವಕ್ಕೆ ಹೊಸ ವರ್ಗವನ್ನು ವ್ಯಾಖ್ಯಾನಿಸಿ, ಅದುವರೆಗೆ ಕೋಡ್ ಮಾಡಿದ ಉತ್ತರಗಳನ್ನೂ ಮೊದಲಿನಿಂದ ಮತ್ತೊಮ್ಮೆ ಓದಿ.