ಎಡಗೈ, ಗಡಿಯಾರ ಮತ್ತು ನಮ್ಮ ಮನೆ ಗ್ರೂಪು

ಬುಧವಾರ ರಾತ್ರಿ ಊಟ ಮುಗಿಸಿ ಫೋನ್ ತೆಗೆದರೆ ಮನೆ ಗ್ರೂಪಿನಲ್ಲಿ ದೊಡ್ಡಪ್ಪನ ಫಾರ್ವರ್ಡ್. ದಪ್ಪ ಅಕ್ಷರದಲ್ಲಿ ಹೀಗಿತ್ತು: "ಚೆಸ್ ಆಡುವ ಮಕ್ಕಳ ಪೋಷಕರೇ ಗಮನಿಸಿ. ಇನ್ನು ಮುಂದೆ ಎಡಗೈಯಲ್ಲಿ ಗಡಿಯಾರ ಒತ್ತುವಂತಿಲ್ಲ. ಎರಡು ಸಲ ಒತ್ತಿದರೆ ಆಟ ಸೋತಂತೆ. ಎಲ್ಲರಿಗೂ ಕಳಿಸಿ."

ಅದರ ಕೆಳಗೆ ದೊಡ್ಡಪ್ಪನದೇ ಒಂದು ಸಾಲು: "ನಾನು ಮೊದಲಿಂದಲೂ ಹೇಳುತ್ತಿದ್ದೇನೆ. ಚಿನ್ನುಗೆ ಬಲಗೈ ಅಭ್ಯಾಸ ಮಾಡಿಸಿ."

ಚಿನ್ನು ನನ್ನ ಮಗಳು. ಒಂಬತ್ತು ವರ್ಷ. ಎಡಚಿ. ಭಾನುವಾರ ಅವಳ ಮೊದಲ ಚೆಸ್ ಟೂರ್ನಮೆಂಟ್. ಅಲ್ಲಿ ಒಂದೊಂದು ನಡೆ ಆದ ಮೇಲೂ ಪಕ್ಕದ ಗಡಿಯಾರದ ಗುಂಡಿ ಒತ್ತಬೇಕು. ಆಗ ನಮ್ಮ ಸಮಯ ನಿಂತು ಎದುರಿನವರ ಸಮಯ ಓಡುತ್ತದೆ.

ಸುಧಾ ಅತ್ತೆ: "ಅಯ್ಯೋ, ಮೂರೇ ದಿನ ಉಳಿದಿದೆಯಲ್ಲ. ಪಾಪ ಮಗು. ಈ ಸಲ ಬಿಟ್ಟುಬಿಡಿ."

ರವಿ: "ಇದನ್ನು ಬರೆದವರು ಯಾರು? ತಾರೀಖು ಇಲ್ಲ, ಹೆಸರಿಲ್ಲ. ಸುಮ್ನೆ ಕಳಿಸಿದರೆ ಹೇಗೆ ದೊಡ್ಡಪ್ಪ?"

ದೊಡ್ಡಪ್ಪ: "ನನ್ನ ಜೊತೆ ವಾಕಿಂಗ್ ಬರುವವರು ಕಳಿಸಿದ್ದು. ಬ್ಯಾಂಕ್ ಮ್ಯಾನೇಜರ್ ಆಗಿದ್ದವರು. ಸುಳ್ಳು ಹೇಳುವವರಲ್ಲ."

ರವಿ: "ಬ್ಯಾಂಕಿಗೂ ಚೆಸ್ಸಿಗೂ ಏನು ಸಂಬಂಧ?"

ದೊಡ್ಡಪ್ಪ: "ದೊಡ್ಡವರ ಜೊತೆ ಮಾತಾಡುವ ರೀತಿಯಾ ಇದು? ಗೃಹಪ್ರವೇಶದ ದಿನವೂ ನೀನು ಹೀಗೇ ಮಾಡಿದೆ."

ಗೃಹಪ್ರವೇಶದ ಮಾತು ಹತ್ತು ನಿಮಿಷ ನಡೆಯಿತು. ಅದು ಇಲ್ಲಿ ಬೇಡ. ಅಷ್ಟರಲ್ಲಿ ನಾನು ನಿಯಮ ತೆಗೆದು ನೋಡಿ ಬರೆದೆ.

"ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮ 6.2.3. ಯಾವ ಕೈಯಲ್ಲಿ ಕಾಯಿ ನಡೆಸಿದೆವೋ ಅದೇ ಕೈಯಲ್ಲಿ ಗಡಿಯಾರ ಒತ್ತಬೇಕು. ಎಡಗೈ ಆದರೆ ಎಡಗೈ, ಬಲಗೈ ಆದರೆ ಬಲಗೈ. ಇಲ್ಲದಿದ್ದರೆ ಒಂದು ಕೈ ಕಾಯಿ ಮೇಲೆ, ಇನ್ನೊಂದು ಕೈ ಗುಂಡಿ ಮೇಲೆ ಕಾಯುತ್ತಾ ಇರುತ್ತದೆ. ಸಮಯ ಕಡಿಮೆ ಇದ್ದಾಗ ಅದು ಎದುರಿನವರಿಗೆ ಮೋಸ. ಗುಂಡಿ ಮೇಲೆ ಬೆರಳು ಇಟ್ಟುಕೊಂಡು ಕೂರುವುದಕ್ಕೂ, ಗಡಿಯಾರವನ್ನು ಜೋರಾಗಿ ಗುದ್ದುವುದಕ್ಕೂ ಅವಕಾಶ ಇಲ್ಲ. ಎರಡು ಸಲ ಅಂತ ಬರೆದಿರುವುದು ಬೇರೆ ವಿಷಯ. ಒಂದು ನಡೆಗೆ ಎರಡೂ ಕೈ ಬಳಸಿ, ಆಮೇಲೆ ಗಡಿಯಾರ ಒತ್ತಿದರೆ ಅದು ನಿಯಮ ಮೀರಿದ ನಡೆ. ಮೊದಲ ಸಲ ಎದುರಾಳಿಗೆ 2 ನಿಮಿಷ ಜಾಸ್ತಿ ಕೊಡುತ್ತಾರೆ. ಬ್ಲಿಟ್ಜ್, ಅಂದರೆ ಕೆಲವೇ ನಿಮಿಷದ ಆಟ ಆದರೆ 1 ನಿಮಿಷ. ಎರಡನೇ ಸಲಕ್ಕೆ ಸೋಲು."

ನಿಜವಾಗಿ ನನಗೆ ಚಿಂತೆ ಇದ್ದದ್ದು ಆ ಎರಡು ಕೈಯದೇ. ಒಂದೇ ನಡೆಯಲ್ಲಿ ರಾಜ, ಆನೆ ಎರಡನ್ನೂ ಸರಿಸುವುದಕ್ಕೆ ಕ್ಯಾಸ್ಲಿಂಗ್ ಅನ್ನುತ್ತಾರೆ. ಚಿನ್ನು ಅದನ್ನು ಮಾಡುವಾಗ ಎಡಗೈಯಲ್ಲಿ ರಾಜ, ಬಲಗೈಯಲ್ಲಿ ಆನೆ, ಎರಡನ್ನೂ ಒಟ್ಟಿಗೆ ಎತ್ತುತ್ತಾಳೆ. ಬಹಳ ಮಕ್ಕಳು ಹೀಗೇ ಮಾಡುತ್ತಾರೆ. ಮಾಡಬೇಕಾದದ್ದು ಮೊದಲು ರಾಜ, ಆಮೇಲೆ ಆನೆ, ಒಂದೇ ಕೈ. ಆನೆಯನ್ನು ಮೊದಲು ಮುಟ್ಟಿದರೆ ಆ ನಡೆಯಲ್ಲಿ ಆ ಕಡೆಗೆ ಕ್ಯಾಸ್ಲಿಂಗ್ ಮಾಡುವಂತಿಲ್ಲ.

ದೊಡ್ಡಪ್ಪ: "ಇಷ್ಟುದ್ದ ಯಾರು ಓದುತ್ತಾರೆ? ಒಟ್ಟಿನಲ್ಲಿ ಎಡಗೈ ಬೇಡ ಅಂತ ತಾನೇ?"

ಅಷ್ಟೊತ್ತಿಗೆ ಸೀನು ಚಿಕ್ಕಪ್ಪ ಬಂದರು: "ನಮ್ಮ ಕಾಲದಲ್ಲಿ ಗಡಿಯಾರ ಎಲ್ಲಿತ್ತು? ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಂಡು ಆಡುತ್ತಿದ್ದೆವು. ಅಜ್ಜ ಒಂದು ನಡೆ ಯೋಚನೆ ಮಾಡುವಷ್ಟರಲ್ಲಿ ಒಂದು ಸಲ ಎಲೆ ಅಡಿಕೆ ಮುಗಿಯುತ್ತಿತ್ತು. ಆದರೆ ಶಿಸ್ತು ಇತ್ತು. ಮುಟ್ಟಿದ ಕಾಯಿ ನಡೆಸಲೇಬೇಕು."

ಸುಧಾ ಅತ್ತೆ: "ನಡೆಸಲೇಬೇಕಿತ್ತಾ ಸೀನಣ್ಣ? 86ರ ಬೇಸಿಗೆ ರಜೆಯಲ್ಲಿ ನೀನು ಮಂತ್ರಿ ಮುಟ್ಟಿ, ವಾಪಸ್ ಇಟ್ಟು, ಕುದುರೆ ನಡೆಸಿದೆ. ನನಗೆ ಚೆನ್ನಾಗಿ ನೆನಪಿದೆ."

ಸೀನು ಚಿಕ್ಕಪ್ಪ: "ಅದು ಮನೆಯ ನಡುವೆ ಇರಲಿಲ್ಲ. ಸರಿ ಮಾಡಿದೆ ಅಷ್ಟೆ."

ಸುಧಾ ಅತ್ತೆ: "ಹಾಗಾದರೆ ಮುಟ್ಟುವ ಮೊದಲು ಹೇಳಬೇಕಿತ್ತು."

ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ಕಾಯಿ ಸರಿಪಡಿಸುತ್ತೇನೆ ಅಂತ ಮೊದಲೇ ಹೇಳಬೇಕು. 2016ರಲ್ಲಿ ಮಾಸ್ಕೋದಲ್ಲಿ, ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಮೆಂಟಿನಲ್ಲಿ, ಅಮೆರಿಕದ ನಕಮುರಾ ರಾಜನನ್ನು ಮುಟ್ಟಿ, ಆಮೇಲೆ ಸರಿ ಮಾಡುತ್ತಿದ್ದೆ ಎಂದರು. ಎದುರಿಗಿದ್ದ ಅರೋನಿಯನ್ ಒಪ್ಪಲಿಲ್ಲ. ರಾಜನನ್ನೇ ನಡೆಸಬೇಕಾಯಿತು, ಆಟ ಸೋತರು.

ನನಗೆ ಹೆಚ್ಚು ಕಾಡುವುದು 1994ರಲ್ಲಿ ಸ್ಪೇನಿನ ಲಿನಾರೆಸ್ ಟೂರ್ನಮೆಂಟಿನ ಒಂದು ಆಟ. ವಿಶ್ವ ಚಾಂಪಿಯನ್ ಕಾಸ್ಪರೋವ್ ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಕೈ ಬಿಟ್ಟು, ಮತ್ತೆ ಎತ್ತಿ ಬೇರೆ ಮನೆಗೆ ಇಟ್ಟರು. ಕೈ ಬಿಟ್ಟದ್ದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು, ಆದರೆ ಟಿವಿ ಕ್ಯಾಮೆರಾದಲ್ಲಿ ಕಂಡಿತು. ಎದುರಿಗೆ ಕೂತಿದ್ದ ಯೂಡಿಟ್ ಪೋಲ್ಗಾರ್‌ಗೆ 17 ವರ್ಷ. ಅಂಥ ದೊಡ್ಡ ಆಟಗಾರನ ಮೇಲೆ ಆ ಹೊತ್ತಿನಲ್ಲಿ ಅವಳು ದೂರು ಕೊಡಲಿಲ್ಲ. ಆಟವನ್ನೂ ಸೋತಳು. ಸುಧಾ ಅತ್ತೆಗೂ ಆ ರಜೆಯಲ್ಲಿ ಹದಿನಾಲ್ಕು ವರ್ಷ, ಎದುರಿಗೆ ಅಣ್ಣ. ಅವತ್ತು ನುಂಗಿಕೊಂಡ ಮಾತು ಇವತ್ತು ಗ್ರೂಪಿನಲ್ಲಿ ಬಂತು.

ಅದಕ್ಕೇ ಚಿನ್ನುಗೆ ಹೇಳಿಕೊಟ್ಟಿದ್ದೇನೆ. ಎದುರಿನವರು ಕಾಯಿ ಮುಟ್ಟಿ ಬೇರೆಯದನ್ನು ನಡೆಸಿದರೆ ಗಡಿಯಾರ ನಿಲ್ಲಿಸು, ಕೈ ಎತ್ತಿ ಆರ್ಬಿಟರನ್ನು, ಅಂದರೆ ತೀರ್ಪುಗಾರರನ್ನು, ಕರೆ. ನಿನ್ನ ಕಾಯಿ ಮುಟ್ಟುವ ಮೊದಲೇ ಕರೆಯಬೇಕು. ಮುಟ್ಟಿದ ಮೇಲೆ ಆ ದೂರಿಗೆ ಹಕ್ಕು ಇರುವುದಿಲ್ಲ.

ಹನ್ನೊಂದು ಗಂಟೆ ಹೊತ್ತಿಗೆ ರಾಜಣ್ಣ ಬರೆದ. ದೊಡ್ಡಪ್ಪನ ಮಗ. ಹಬ್ಬಕ್ಕೆ ಒಂದು ಶುಭಾಶಯ ಬಿಟ್ಟರೆ ಅವನು ಗ್ರೂಪಿನಲ್ಲಿ ಮಾತಾಡುವವನಲ್ಲ.

"ಅಪ್ಪ, ಬಲಗೈ ಅಭ್ಯಾಸ ಮಾಡಿಸಿ ಅಂತ ಇನ್ನೊಂದು ಮಗುವಿಗೆ ಹೇಳಬೇಡಿ. ಎರಡನೇ ಕ್ಲಾಸಿನಲ್ಲಿ ಎಡಗೈಯಲ್ಲಿ ಬಳಪ ಹಿಡಿದರೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದಿರಿ. ನಾನು ಬರೆದದ್ದು ಇವತ್ತಿಗೂ ನನಗೇ ಓದಲು ಬರುವುದಿಲ್ಲ."

ಎಲ್ಲರೂ ನೋಡಿದರು. ಯಾರೂ ಬರೆಯಲಿಲ್ಲ. ಸುಮಾರು ಹೊತ್ತಾದ ಮೇಲೆ ದೊಡ್ಡಪ್ಪ: "ಆಗ ಎಲ್ಲರ ಮನೆಯಲ್ಲೂ ಹಾಗೇ ಇತ್ತು. ನಿನ್ನ ಒಳ್ಳೆಯದಕ್ಕೇ ಮಾಡಿದ್ದು."

ರಾಜಣ್ಣ ಅದಕ್ಕೆ ಉತ್ತರ ಕೊಡಲಿಲ್ಲ. ನನ್ನನ್ನು ಕೇಳಿದ: "ಅಲ್ಲಿ ಗಡಿಯಾರ ಯಾವ ಕಡೆ ಇಡುತ್ತಾರೆ?"

ಅಷ್ಟೂ ಹೊತ್ತಿನಲ್ಲಿ ಆಟದ ಬಗ್ಗೆ ಯಾರಾದರೂ ಕೇಳಿದ ಪ್ರಶ್ನೆ ಅಂದರೆ ಇದೊಂದೇ. ನಾನು ಬರೆದೆ: "ಅದನ್ನು ಆರ್ಬಿಟರ್ ಹೇಳುತ್ತಾರೆ ರಾಜಣ್ಣ. ಸಾಮಾನ್ಯವಾಗಿ ಕಪ್ಪು ಕಾಯಿಯವರ ಬಲಕ್ಕೆ. ಅಂದರೆ ಬಿಳಿ ಕಾಯಿಯವರ ಎಡಕ್ಕೆ. ಬಿಳಿ ಬಂದರೆ ಚಿನ್ನುಗೆ ಅನುಕೂಲ, ಬಲಗೈಯವರಿಗೇ ಕಷ್ಟ. ಕಪ್ಪು ಬಂದರೆ ಅವಳು ಬೋರ್ಡಿನ ಮೇಲೆ ಕೈ ಚಾಚಬೇಕು."

ರಾಜಣ್ಣ: "ಹಾಗಾದರೆ ಮನೆಯಲ್ಲಿ ಕಪ್ಪು ಕಾಯಿಯನ್ನೇ ಕೊಟ್ಟು ಆಡಿಸು. ಭಾನುವಾರ ನಾನೂ ಬರುತ್ತೇನೆ."

ಫಾರ್ವರ್ಡ್ ಇನ್ನೂ ಗ್ರೂಪಿನಲ್ಲೇ ಇದೆ. ದೊಡ್ಡಪ್ಪ ಅಳಿಸಿಲ್ಲ.

ಗುರುವಾರ ಸಂಜೆ ಊಟದ ಮೇಜಿನ ಮೇಲೆ ಗಡಿಯಾರವನ್ನು ಚಿನ್ನುವಿನ ಬಲಕ್ಕಿಟ್ಟು, ಕಪ್ಪು ಕಾಯಿ ಕೊಟ್ಟೆ. ಎಡಗೈಯಲ್ಲಿ ರಾಜನನ್ನು ನಡೆಸಿದಳು, ಅದೇ ಕೈಯಲ್ಲಿ ಆನೆ. ಗುಂಡಿ ಒತ್ತಲು ಕೈ ಚಾಚಿದಾಗ ತೋಳು ತಗುಲಿ ನನ್ನ ಒಂಟೆ ಬಿತ್ತು. ಬೀಳಿಸಿದವರು ತಮ್ಮ ಸಮಯದಲ್ಲೇ ಎತ್ತಿಡಬೇಕು. ಅದನ್ನು ನಾನು ಇನ್ನೂ ಹೇಳಿಕೊಟ್ಟಿರಲಿಲ್ಲ. ಅವಳು ಗುಂಡಿಗೆ ಹೋಗಿದ್ದ ಕೈ ವಾಪಸ್ ತಂದು, ಒಂಟೆಯನ್ನು ಅದರ ಮನೆಯಲ್ಲಿ ನಿಲ್ಲಿಸಿ, ಆಮೇಲೆ ಒತ್ತಿದಳು.